ಉಗಿಬಂಡಿಯೊಳಗೊಂದು ಐಸ್ ಗಡ್ಡಿ

ಉಗಿಬಂಡಿಯ ಬಗ್ಗೆ ಈಗ ಕಣ್ಣರಳಿಸಿ ಮಾತಾಡುವವರು ಯಾರೂ ಅವಸರದ ಕೆಲಸಕ್ಕೆ ಅದನ್ನು ಹತ್ತಿದವರಲ್ಲ. ಊಟಿಗೆ ಹೋಗಿ, ದುಡ್ಡು ಕೊಟ್ಟು, ಗುಡ್ಡ ಹತ್ತುವ ಪುಟ್ಟ ರೈಲಿನಲ್ಲಿ ಕೂತು, ಹೊಗೆಯ ಫೋಟೊ ಹೊಡೆದುಕೊಂಡು ಬಂದು "ಆಹಾ, ಏನು ಗತ್ತು, ಏನು ಸದ್ದು" ಅನ್ನುತ್ತಾರೆ. ಆ ರೈಲನ್ನು 2005ರಲ್ಲಿ ಯುನೆಸ್ಕೊದವರು ವಿಶ್ವ ಪರಂಪರೆಯ ಪಟ್ಟಿಗೂ ಸೇರಿಸಿದರು. ಸೇರಿಸಲಿ, ನನ್ನದೇನೂ ತಕರಾರಿಲ್ಲ. ಪರಂಪರೆಗೆ ಯಾವ ಅವಸರವೂ ಇರುವುದಿಲ್ಲ. ನಮ್ಮ ದೊಡ್ಡ ಮಾಮನಿಗೆ ಇತ್ತು.

ಮಾಮನ ಊರು ಕೊಪ್ಪಳ. ಆಗಿನ್ನೂ ಅದು ರಾಯಚೂರು ಜಿಲ್ಲೆಯ ತಾಲ್ಲೂಕು. ತಾನೇ ಜಿಲ್ಲೆಯಾಗಿದ್ದು 1997ರಲ್ಲಿ. ಅಲ್ಲಿನ ಮಾರ್ಕೆಟ್ ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ಮಾಮ ಗುಮಾಸ್ತರು. ಶೇಂಗಾ, ಜೋಳ, ಸೂರ್ಯಕಾಂತಿ ಚೀಲಗಳನ್ನು ಕಾಟಾದ ಮೇಲೆ ಏರಿಸಿ ಇಳಿಸಿಯೇ ತಲೆ ಬೆಳ್ಳಗಾಗಿಸಿಕೊಂಡವರು. ತೂಕಕ್ಕೆ ಸಿಗದ ವಸ್ತುವಿಲ್ಲ, ರಸೀದಿಯಿಲ್ಲದ ಸತ್ಯವಿಲ್ಲ ಎಂಬುದು ಅವರ ಸಿದ್ಧಾಂತ. ಅಂಥವರು ಮಗಳ ನಿಶ್ಚಯ ಕಾರ್ಯದ ದಿನ ಧಾರವಾಡದ ಬೀಗರ ಬಾಯಿಂದ ಒಂದು ಮಾತು ಕೇಳಬೇಕಾಯಿತು. ಬೇಸಿಗೆಯ ನಡುಮಧ್ಯಾಹ್ನ. ಬೀಗರು ತಂಬಿಗೆ ಎತ್ತಿ ನೀರು ಕುಡಿದರು, ಮೀಸೆ ಒರೆಸಿಕೊಂಡರು, ಸುತ್ತ ಒಮ್ಮೆ ನೋಡಿ ನಕ್ಕರು.

"ಬೀಗರ, ಚಾಪುಡಿ ಒಂದ ಕಡಿಮಿ ಆತ್ ನೋಡ್ರಿ."

ಎಲ್ಲರೂ ನಕ್ಕರು. ಮಾಮನೂ ನಕ್ಕರು. ಆದರೆ ಆ ನಗುವನ್ನು ಅವರು ಖಾತೆಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದು ಯಾರಿಗೂ ಗೊತ್ತಾಗಲಿಲ್ಲ. ಮದುವೆಯ ಹಿಂದಿನ ದಿನ ಬೀಗರು ಬಂದಿಳಿದ ತಕ್ಷಣ ಅವರ ಹಲ್ಲು ಜುಮ್ ಅನ್ನುವಂಥ ಶರಬತ್ತು ಕುಡಿಸಬೇಕು, ಮಾತೇ ಹೊರಡಬಾರದು — ಇದು ಮಾಮನ ಸಂಕಲ್ಪ. ಅದಕ್ಕೆ ಐಸ್ ಬೇಕು.

ಐಸ್ ಹೊಸಪೇಟೆಯಲ್ಲೂ ಸಿಗುತ್ತಿತ್ತು. ಕೊಪ್ಪಳಕ್ಕೆ ಅದೇ ಹತ್ತಿರ. ಆದರೆ ಅಲ್ಲಿನ ಐಸಿನವನೊಬ್ಬನ ಜೊತೆ ಮಾಮನಿಗೆ ಯಾವುದೋ ಕಾಲದ ಕಾಟಾ ಜಗಳ. "ಆ ಊರ ಐಸು ನಮ್ಮ ಮನಿ ಹೊಸ್ತಿಲ ದಾಟಂಗಿಲ್ಲ" ಎಂದು ಆಣೆ ಮಾಡಿಬಿಟ್ಟಿದ್ದರು. ಹೀಗಾಗಿ ಹತ್ತಿರದ್ದನ್ನು ಬಿಟ್ಟು, ನೂರು ಕಿಲೋಮೀಟರ್ ಆಸುಪಾಸಿನ ಬಳ್ಳಾರಿಯಿಂದ, ಮೇ ತಿಂಗಳಲ್ಲಿ, ಮೀಟರ್ ಗೇಜಿನ ಕಿರುಹಳಿಯ ಪ್ಯಾಸೆಂಜರ್ ರೈಲಿನಲ್ಲಿ ಐಸ್ ಒಯ್ಯುವುದೆಂದಾಯಿತು. ಬಳ್ಳಾರಿಯ ಬೇಸಿಗೆಯನ್ನು ಬಲ್ಲವರು ಇಲ್ಲಿ ಒಂದು ಕ್ಷಣ ತಡೆದು ನಗಬಹುದು. ಬಳ್ಳಾರಿಯಲ್ಲಿದ್ದ ಅಳಿಯ ನಾನು. ಎಸ್ಸೆಸ್ಸೆಲ್ಸಿ ಬರೆದು ಫಲಿತಾಂಶ ಕಾಯುತ್ತ ಮನೆಯಲ್ಲಿ ಬಿದ್ದಿದ್ದೆ. ಮಾಮನ ದೃಷ್ಟಿಯಲ್ಲಿ ಪಗಾರವಿಲ್ಲದ ಹಮಾಲ.

ನಸುಕಿನಲ್ಲೇ ಐಸ್ ಫ್ಯಾಕ್ಟರಿಗೆ ಹೋದೆವು. ಐಸ್ ತಯಾರಾಗುವುದನ್ನು ನೋಡಿರದವರಿಗೆ ಅದೊಂದು ಸೋಜಿಗ. ತಗಡಿನ ಉದ್ದುದ್ದ ಡಬ್ಬಗಳಲ್ಲಿ ನೀರು ತುಂಬಿ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟಿರುತ್ತಾರೆ. ಉಪ್ಪುನೀರು ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ತಾನು ಗಟ್ಟಿಯಾಗದೆ ಡಬ್ಬದೊಳಗಿನ ಸಿಹಿನೀರನ್ನು ಗಟ್ಟಿ ಮಾಡುತ್ತದೆ. ಕೆಲಸದವನು ಒಂದು ಡಬ್ಬವನ್ನು ಮೇಲೆತ್ತಿ, ಸಾದಾ ನೀರಿನಲ್ಲಿ ಒಮ್ಮೆ ಅದ್ದಿ, ಓರೆ ಮಾಡಿದ. ಗಡ್ಡೆ ಝರ್ರನೆ ಜಾರಿ ನೆಲಕ್ಕೆ ಬಂತು. ಅಂಚೆಲ್ಲ ಗಾಜು, ನಟ್ಟನಡುವೆ ಮಾತ್ರ ಉದ್ದಕ್ಕೆ ಬಿಳಿ ಮಬ್ಬು. ಕೊನೆಗೆ ಹೆಪ್ಪುಗಟ್ಟುವ ನೀರಿನಲ್ಲಿ ಸಿಕ್ಕಿಕೊಂಡ ಗಾಳಿಯಂತೆ ಅದು. ಮಾಮ ಆ ಮಬ್ಬಿನ ಮೇಲೆ ಬೆರಳಿಟ್ಟು "ಇದು ಗಾಳಿ ಐತಿ, ಇದರ ತೂಕ ಕಳೀರಿ" ಎಂದು ಶುರು ಮಾಡಿದರು. ಕೆಲಸದವನಿಗೆ ಎಷ್ಟು ಜನ ಮಾಮಂದಿರು ಗಂಟುಬಿದ್ದಿದ್ದರೋ, ಮಾತಾಡದೆ ಚೂಪು ಸಲಾಕೆ ತೆಗೆದುಕೊಂಡು ಗಡ್ಡೆಯನ್ನು ಉದ್ದಕ್ಕೆ ಸೀಳಿ, ಒಂದು ತುಂಡನ್ನು ನಮ್ಮ ಕಡೆ ಕಾಲಿನಿಂದ ನೂಕಿದ. ನನ್ನ ಎದೆಯುದ್ದದ ತುಂಡು.

ಕಟ್ಟಿಗೆ ಹೊಟ್ಟು ಹಾಕಿ, ಗೋಣಿಚೀಲದಲ್ಲಿ ತುರುಕಿ, ಎರಡೂ ತುದಿ ಕಟ್ಟಿ, ಅದರ ಮೇಲೆ ಮಾಮ ತಾವೇ ಹೊದ್ದು ಬಂದಿದ್ದ ಕರೀ ಕಂಬಳಿಯನ್ನು ಬಾಣಂತಿಗೆ ಹೊದಿಸುವಷ್ಟು ಕಾಳಜಿಯಿಂದ ಹೊದಿಸಿದರು. ಟಾಂಗಾದವನಿಗೆ ತಡೆಯಲಾಗಲಿಲ್ಲ. "ಐಸಿಗೆ ಕಂಬಳಿ ಯಾಕ್ರೀ? ಬೆಚ್ಚಗಾಗಲ್ವಾ?" ಕಂಬಳಿ ತಾನಾಗಿ ಶಾಖ ಹುಟ್ಟಿಸುವುದಿಲ್ಲ, ಹೊರಗಿನದನ್ನು ಒಳಗೆ ಬಿಡುವುದಿಲ್ಲ, ಒಳಗಿನದನ್ನು ಹೊರಗೆ ಬಿಡುವುದಿಲ್ಲ ಎಂದು ನಾನು ವಿಜ್ಞಾನ ಹೇಳಿದೆ. ಅವನು ಕುದುರೆಯ ಕಡೆ ತಿರುಗಿ ನಕ್ಕ.

ಸ್ಟೇಷನ್ನಿನಲ್ಲಿ ಮಾಮ ಸೀದಾ ತೂಕದ ಯಂತ್ರದ ಹತ್ತಿರ ಹೋದರು. ಯಾರೂ ಕೇಳಿರಲಿಲ್ಲ. ಸುಮ್ಮನೆ ಸೀಟಿನ ಕೆಳಗೆ ತಳ್ಳಿದ್ದರೆ ಮುಗಿದಿತ್ತು. ಆದರೆ ಲಗೇಜು ಬುಕ್ ಮಾಡಿಸದೆ ಒಯ್ಯುವುದು ಅವರ ಜಾಯಮಾನಕ್ಕೆ ಒಗ್ಗುವುದಿಲ್ಲ. 40 ಕಿಲೋ ಬಂತು. ಗುಮಾಸ್ತ "ಏನು ಮಾಲು?" ಅಂದ. ಮಾಮ ಅವನ ಕಿವಿಯಲ್ಲಿ ಹೇಳಿದರು. ಅವನು ಮಾಮನನ್ನೂ, ಹೊರಗಿನ ಬಿಸಿಲನ್ನೂ, ಮತ್ತೆ ಮಾಮನನ್ನೂ ನೋಡಿ ರಸೀದಿ ಹರಿದುಕೊಟ್ಟ. ಮಾಮ ಅದನ್ನು ಮಡಚಿ ಒಳಜೇಬಿನಲ್ಲಿಟ್ಟುಕೊಂಡರು. ಈ ರಸೀದಿ ಮುಂದೆ ಬರುತ್ತದೆ.

ಗುಂತಕಲ್ಲಿನಿಂದ ಹುಬ್ಬಳ್ಳಿಗೆ ಹೋಗುವ ಪ್ಯಾಸೆಂಜರ್ ಬಂತು. ಈ ಹಳಿಯ ಹುಟ್ಟಿನ ಬಗ್ಗೆ ಎರಡು ಮಾತು ಹೇಳಲೇಬೇಕು. 1876ರಿಂದ 78ರವರೆಗೆ ಬಿದ್ದ ಧಾತು ಸಂವತ್ಸರದ ಬರ ಬಳ್ಳಾರಿ ಸೀಮೆಯನ್ನು ಗುಡಿಸಿ ಹಾಕಿತು. ದವಸವಿದ್ದ ಊರಿಂದ ಇಲ್ಲದ ಊರಿಗೆ ಸಾಗಿಸಲು ಸಾಕಷ್ಟು ದಾರಿಯಿರಲಿಲ್ಲ. ಅದನ್ನು ನೋಡಿದ ಮೇಲೆ ಸರಕಾರ ಎಚ್ಚೆತ್ತು, 1882ರಲ್ಲಿ ಸದರ್ನ್ ಮರಾಠ ರೈಲ್ವೆ ಕಂಪನಿ ಹುಟ್ಟಿ, ಈ ಭಾಗಕ್ಕೆ ಮೀಟರ್ ಗೇಜ್ ಹಳಿ ಬಂತು. ಅತ್ತ ರಾಯಚೂರಿನಲ್ಲಿ 1871ರಲ್ಲೇ ಬೊಂಬಾಯಿ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ಕೂಡಿಕೊಂಡು ದೊಡ್ಡ ರೈಲು ಓಡುತ್ತಿದ್ದವು. ನಮ್ಮ ಕಡೆಗೆ ಬಂದದ್ದು ಬರಗಾಲದ ಕೂಸು. ಬರದಲ್ಲಿ ಹುಟ್ಟಿದ್ದಕ್ಕೋ ಏನೋ, ಈ ರೈಲಿಗೆ ಸದಾ ನೀರಡಿಕೆ. ಟೆಂಡರ್ ಅಂದರೆ ಇಂಜಿನ್ನಿನ ಬೆನ್ನಿಗೇ ಇರುವ ನೀರು-ಕಲ್ಲಿದ್ದಲಿನ ಬಂಡಿ; ಅಂಥ ಒಂದಕ್ಕೆ ಹತ್ತು ಸಾವಿರ ಲೀಟರಿಗೂ ಮೇಲ್ಪಟ್ಟು ನೀರು ಹಿಡಿಯುತ್ತದೆ. ಅದನ್ನು ಕುಡಿಯುತ್ತ, ಆವಿ ಉಗುಳುತ್ತ, ಮತ್ತೆ ಕುಡಿಯಲು ನಿಲ್ಲುತ್ತ ಹೋಗುವುದೇ ಅದರ ಬಾಳು.

ಡಬ್ಬಿಯಲ್ಲಿ ಕೂತ ಮೇಲೆ ನನಗೊಂದು ವಿಷಯ ಹೊಳೆದು ಬಹಳ ಖುಷಿಯಾಯಿತು. ಮುಂದೆ ಇಂಜಿನ್ನಿನಲ್ಲಿ ನೀರು ಆವಿಯಾಗುತ್ತಿದೆ. ಹಿಂದೆ ಸೀಟಿನ ಮೇಲೆ ಐಸು ನೀರಾಗುತ್ತಿದೆ. ಪಾಠದ ಪುಸ್ತಕದ ನೀರಿನ ಮೂರೂ ಅವಸ್ಥೆಗಳು ಒಂದೇ ರೈಲಿನಲ್ಲಿ ಕೊಪ್ಪಳಕ್ಕೆ ಹೊರಟಿವೆ! ಲಗ್ನಪತ್ರಿಕೆಯ ಹಿಂದೆ ಲೆಕ್ಕ ಹಾಕಿದೆ. ಒಂದು ಗ್ರಾಂ ಐಸು ಕರಗಲು 80 ಕ್ಯಾಲೊರಿ. 40 ಕಿಲೋಗೆ 3200 ಕಿಲೋ ಕ್ಯಾಲೊರಿ. ಒಂದು ಕಿಲೋ ಒಳ್ಳೆಯ ಕಲ್ಲಿದ್ದಲು ಉರಿದರೆ ಇದಕ್ಕಿಂತ ಹೆಚ್ಚೇ ಶಾಖ ಬರುತ್ತದೆ. ಅಂದರೆ ಫೈರ್‌ಮನ್ ಒಂದು ಸಲ ಸಲಿಕೆ ತುಂಬಿ ಎರಚಿದ ಕಲ್ಲಿದ್ದಲಿನಲ್ಲಿ ಮಾಮನ ಇಡೀ ಮರ್ಯಾದೆ ಕರಗಿಹೋಗಬಹುದು. ಇದನ್ನು ಮಾಮನಿಗೆ ಓದಿ ಹೇಳಿದೆ. ಅವರು ಕಿಟಕಿಯಿಂದ ತಲೆ ಹೊರಹಾಕಿ ಇಂಜಿನ್ನನ್ನು ಬಹಳ ಹೊತ್ತು ಗುರಾಯಿಸಿದರು. ತಲೆ ಒಳಗೆಳೆದುಕೊಂಡಾಗ ಒಂದು ಕಣ್ಣಲ್ಲಿ ಇದ್ದಿಲ ಚೂರು ಸೇರಿಕೊಂಡಿತ್ತು.

"ಅಳಿಯಾ, ಒಂದ ಮಾತು," ಎಂದು ಕಣ್ಣುಜ್ಜುತ್ತ ಪಿಸುಗುಟ್ಟಿದರು. "ಇದು ಐಸು ಅಂತ ಯಾರ ಮುಂದನೂ ಬಾಯಿ ಬಿಡಬ್ಯಾಡ. ಗೊತ್ತಾತಂದ್ರ ಕೊಪ್ಪಳ ಮುಟ್ಟೂದ್ರಾಗ ನೆಕ್ಕೇ ಮುಗಸ್ತಾರ."

"ಮತ್ತೇನಂತ ಹೇಳ್ಲಿ ಮಾಮಾ?"

"ನಾ ಹೇಳ್ತೀನಿ ಬಿಡು."

ಕಂಟೋನ್ಮೆಂಟ್ ದಾಟಿ ಕುಡತಿನಿಯಲ್ಲಿ ಒಬ್ಬ ಅಜ್ಜಿ ಹತ್ತಿದಳು. ಕೈಯಲ್ಲಿ ಎಲೆ ಅಡಿಕೆಯ ಚಂಚಿ. ಕೂರಲು ಜಾಗ ಹುಡುಕುತ್ತ ಕಂಬಳಿ ಹೊದ್ದ ಗಂಟಿನ ಮುಂದೆ ನಿಂತಳು.

"ಯಾರಪಾ ಇವ್ರು? ಇಷ್ಟ ಬಿಸಲಾಗ ಕಂಬಳಿ ಹೊದ್ದಾರಲ್ಲ?"

"ನಮ್ಮ ಹಿರೇರು. ಆರಾಮಿಲ್ಲ," ಎಂದರು ಮಾಮ.

ಅಜ್ಜಿಗೆ ಕರುಳು ಚುರುಕ್ ಅಂದಿತು. ತುದಿಯಲ್ಲಿ ಸ್ವಲ್ಪ ಜಾಗ ಮಾಡಿಕೊಂಡು ಕೂತಳು. ಕೂತವಳು ಸುಮ್ಮನಿರದೆ, ಪಾದವಿರಬೇಕಾದ ಕಡೆ ಕಂಬಳಿಯೊಳಗೆ ಕೈಹಾಕಿ, ಜ್ವರ ನೋಡಿದಳು.

ಮುಂದಿನದನ್ನು ನಾನು ಬದುಕಿರುವವರೆಗೆ ಮರೆಯಲಾರೆ. ಅಜ್ಜಿಯ ಕೈ ಹಾಗೇ ನಿಂತಿತು. ಮುಖದ ಬಣ್ಣ ಹೋಯಿತು. ನಿಧಾನಕ್ಕೆ ಬಗ್ಗಿ ಸೀಟಿನ ಕೆಳಗೆ ನೋಡಿದಳು. ತೊಟ್ಟು ತೊಟ್ಟು ನೀರು. "ಅಯ್ಯೋ ಶಿವನೇ! ಇವ್ರು ತಣ್ಣಗಾಗಿ ಎಷ್ಟೊತ್ತಾತೋ! ಇಬ್ರೂ ನೋಡ್ಕೋತ ಕುಂತೀರಲ್ಲೋ!" ಎಂದು ಎದೆ ಬಡಿದುಕೊಂಡಳು. ಸೆರಗನ್ನು ಬಾಯಿಗಿಟ್ಟು "ಎಪ್ಪಾ, ನಡುದಾರ‍್ಯಾಗ ಬಿಟ್ಟು ಹೊಂಟ್ಯಲ್ಲೋ ನನ್ನಪ್ಪಾ" ಎಂದು ಹಾಡಿಕೊಂಡು ಅಳತೊಡಗಿದಳು. ಎರಡು ಸಾಲು ಅತ್ತವಳು ನಡುವೆ ನಿಲ್ಲಿಸಿ, ನನ್ನ ಕಡೆ ತಿರುಗಿ, ಸಾದಾ ದನಿಯಲ್ಲಿ "ಹೆಸರೇನಪಾ ಇವ್ರದು?" ಎಂದು ಕೇಳಿದಳು. ಹೆಸರಿಲ್ಲದೆ ಅಳುವುದು ಅವಳಿಗೆ ಸರಿಹೋಗುತ್ತಿರಲಿಲ್ಲ. ನಾನು ಮಾಮನ ಮುಖ ನೋಡಿದೆ. ಮಾಮ ಕಿಟಕಿಯ ಹೊರಗೆ ಬಳ್ಳಾರಿಯ ಕರೀ ಹೊಲ ನೋಡುತ್ತಿದ್ದರು.

ಪಕ್ಕದ ಸೀಟುಗಳು ಖಾಲಿಯಾದವು. ಯಾರೋ ಪುಣ್ಯಾತ್ಮರು ಒಂದು ಗಂಟು ಊದಿನಕಡ್ಡಿ ಹಚ್ಚಿಟ್ಟರು. ಕೈಗಡಿಯಾರ ಕಟ್ಟಿದ್ದ ಒಬ್ಬರು, ಇಂಥ ಗಳಿಗೆಗೇ ಕಾಯುತ್ತಿದ್ದವರು, ಎದ್ದು ಚೈನು ಜಗ್ಗಿದರು.

ಆಗಿನ ರೈಲಿನ ಬ್ರೇಕು ನಡೆಯುತ್ತಿದ್ದುದು ನಿರ್ವಾತದಿಂದ. ಇಡೀ ರೈಲಿನುದ್ದಕ್ಕೂ ಒಂದು ಕೊಳವೆ. ಅದರೊಳಗಿನ ಗಾಳಿಯನ್ನು ಇಂಜಿನ್ನು ಹೀರಿ ಹೀರಿ ಖಾಲಿ ಮಾಡಿಟ್ಟರೆ ಮಾತ್ರ ಗಾಲಿಗಳು ಬಿಡುವಾಗಿ ತಿರುಗುತ್ತವೆ. ಚೈನು ಜಗ್ಗಿದರೆ ಕೊಳವೆಗೆ ಗಾಳಿ ನುಗ್ಗುತ್ತದೆ, ಬ್ರೇಕು ಹಿಡಿಯುತ್ತದೆ. ನಿಲ್ಲುವುದು ಸುಲಭ, ಹೊರಡುವುದು ಕಷ್ಟ. ಯಾವ ಡಬ್ಬಿಯಲ್ಲಿ ಜಗ್ಗಿದರೆಂದು ಹುಡುಕಬೇಕು, ಡಬ್ಬಿಯ ತುದಿಯಲ್ಲಿ ತಿರುಗಿದ ಬಿಲ್ಲೆಯನ್ನು ಹೊರಗಿನಿಂದ ಸರಿಮಾಡಬೇಕು, ಮತ್ತೆ ಮೊದಲಿನಿಂದ ಗಾಳಿ ಹೀರಬೇಕು. ಅಷ್ಟೂ ಹೊತ್ತು ನಾವು ಕುಡತಿನಿ-ದರೋಜಿ ನಡುವೆ ಒಂದು ಜಾಲಿಗಿಡದ ನೆರಳೂ ಇಲ್ಲದ ಬಯಲಿನಲ್ಲಿ. ದರೋಜಿಯ ಬಂಡೆಗುಡ್ಡಗಳಲ್ಲಿ ಕರಡಿಗಳಿವೆ. ಅವಕ್ಕೂ ಆ ಹೊತ್ತಿನಲ್ಲಿ ಗುಹೆ ಬಿಟ್ಟು ಬರುವ ಧೈರ್ಯವಿರಲಿಕ್ಕಿಲ್ಲ.

ಗಾರ್ಡ್ ಸಾಹೇಬರು ಕಂಕುಳಲ್ಲಿ ಬಾವುಟ ಸಿಕ್ಕಿಸಿಕೊಂಡು ಬಂದರು. ಹಿಂದೆಯೇ ಮೈಯೆಲ್ಲ ಮಸಿಯಾದ ಫೈರ್‌ಮನ್. ಗಾರ್ಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದು, ತಗ್ಗಿದ ದನಿಯಲ್ಲಿ, "ತೀರಿ ಎಷ್ಟೊತ್ತಾಯ್ತು?" ಎಂದರು.

ಮಾಮನಿಗೆ ಬೇರೆ ದಾರಿಯಿರಲಿಲ್ಲ. ಕಂಬಳಿ ಸರಿಸಿ, ಗೋಣಿಯ ಬಾಯಿ ಬಿಚ್ಚಿ, ಹೊಟ್ಟು ಕೆದರಿ ತೋರಿಸಿದರು. ಗಾರ್ಡ್ ಒಂದು ಬೆರಳಿನಿಂದ ಮುಟ್ಟಿದರು. ಬೆರಳನ್ನು ನಾಲಿಗೆಗೆ ಇಟ್ಟುಕೊಂಡರು. ಟೋಪಿ ಹಾಕಿಕೊಂಡರು. ಚೈನು ಜಗ್ಗಿದವರು "ಸಕಾರಣ, ಸಕಾರಣ" ಎಂದು ಕಾನೂನು ಮಾತಾಡುತ್ತಿದ್ದರು. ಗಾರ್ಡ್ ತಮ್ಮ ಪುಸ್ತಕ ತೆಗೆದು, ತಡವಾದ ಕಾರಣ ಬರೆಯುವ ಕಡೆ ಪೆನ್ನಿಟ್ಟು, ಬಹಳ ಹೊತ್ತು ಯೋಚಿಸಿ, ಬರೆಯದೆ ಮುಚ್ಚಿದರು.

ಅಜ್ಜಿಗೆ ಮಾತ್ರ ಸಿಟ್ಟು ಇಳಿಯಲಿಲ್ಲ. ಸತ್ತಿಲ್ಲ ಎಂಬ ಸಂತೋಷಕ್ಕಿಂತ ಅತ್ತದ್ದು ದಂಡವಾಯಿತೆಂಬ ಸಂಕಟ ದೊಡ್ಡದು. "ನನ್ನ ಕಣ್ಣೀರಿಗೆ ಬೆಲಿ ಇಲ್ಲೇನು? ಒಂದ ತುಂಡರ ಕೊಡು" ಎಂದು ದಂಡ ಹಾಕಿದಳು. ಮಾಮ ಕೊಟ್ಟರು. ಅಜ್ಜಿಗೆ ಕೊಟ್ಟ ಮೇಲೆ ಊದಿನಕಡ್ಡಿಯವರಿಗೆ ಇಲ್ಲ ಎನ್ನಲಾದೀತೇ? ಫೈರ್‌ಮನ್ನಿಗೆ? ಗಾರ್ಡ್ ಸಾಹೇಬರಿಗೆ? ಚೈನು ಜಗ್ಗಿದವರು ಮಾತ್ರ ಸ್ವಾಭಿಮಾನದಿಂದ ಬೇಡವೆಂದರು. ಆಮೇಲೆ ತೋರಣಗಲ್ಲಿನಲ್ಲಿ ಕೇಳಿ ಇಸಿದುಕೊಂಡರು.

ತೋರಣಗಲ್ಲಿನಲ್ಲಿ ಸರಿಯಾಗಿ ಸಿಕ್ಕಿಬಿದ್ದೆವು. ಒಂಟಿ ಹಳಿ, ನಮ್ಮ ತಡದಿಂದಾಗಿ ಎದುರಿನ ಗೂಡ್ಸಿಗೆ ಮೊದಲು ದಾರಿ ಕೊಟ್ಟಿದ್ದರು. ಮಾಮ ಸ್ಟೇಷನ್ ಮಾಸ್ತರರ ಕೋಣೆಗೆ ನುಗ್ಗಿದರು, ಹಿಂದೆ ನಾನು. "ಸಾಹೇಬ್ರ, ಮಗಳ ಮದುವಿ ಐತ್ರಿ, ರೈಲು ಬಿಡ್ರಿ." ಮಾಸ್ತರರು ಮೂಲೆಯಲ್ಲಿದ್ದ ಯಂತ್ರ ತೋರಿಸಿದರು. ಮುಂದಿನ ಸ್ಟೇಷನ್ನಿನಲ್ಲೂ ಅಂಥದೇ ಒಂದು ಇರುತ್ತದೆ. ಎರಡಕ್ಕೂ ತಂತಿಯ ನಂಟು. ಅಲ್ಲಿನವರು ಅತ್ತ ಗಂಟೆ ಹೊಡೆದು ಒಪ್ಪಿದರೆ ಮಾತ್ರ ಇತ್ತ ಯಂತ್ರ ಒಂದು ಉಕ್ಕಿನ ಗೋಲಿಯನ್ನು ಹೊರಗೆ ಬಿಡುತ್ತದೆ. ಆ ಗೋಲಿಯನ್ನು ತೊಗಲ ಚೀಲಕ್ಕೆ ಹಾಕಿ, ಬೆತ್ತದ ಬಳೆಗೆ ಕಟ್ಟಿ ಡ್ರೈವರನ ಕೈಗೆ ಕೊಡಬೇಕು. ಗೋಲಿ ಕೈಯಲ್ಲಿಲ್ಲದೆ ಹೋಗುವ ಅಧಿಕಾರ ಯಾವ ಡ್ರೈವರನಿಗೂ ಇಲ್ಲ. ಒಂದು ಗೋಲಿ ಹೊರಗಿದ್ದರೆ ಇನ್ನೊಂದು ಬರುವುದಿಲ್ಲ. ಹೀಗಾಗಿ ಎರಡು ರೈಲು ಎದುರುಬದುರಾಗುವ ಮಾತೇ ಇಲ್ಲ. ಎಂಥ ಜಾಣ ಏರ್ಪಾಡು! ನನಗೆ ಬಹಳ ಹಿಡಿಸಿತು. ಮಾಮ ಯಂತ್ರದ ಬಾಯಿಯನ್ನೇ ನೋಡುತ್ತ, "ಇದರಾಗ ಕೈ ಹೋಗಂಗಿಲ್ಲೇನ್ರಿ?" ಎಂದರು. ಮಾಸ್ತರರು ನಮ್ಮನ್ನು ಹೊರಗೆ ಕಳಿಸಿದರು.

ವಾಪಸು ಬರುವಷ್ಟರಲ್ಲಿ ಡಬ್ಬಿಯಲ್ಲಿ ತಜ್ಞರ ಸಮಿತಿ ಸೇರಿತ್ತು. ಕಿಟಕಿ ಹಾಕಿದರೆ ಐಸು ಉಳಿಯುತ್ತದೆ ಎಂದು ಒಬ್ಬರು. ತೆಗೆದರೆ ಗಾಳಿಗೆ ತಂಪಾಗುತ್ತದೆ ಎಂದು ಮತ್ತೊಬ್ಬರು. ಹಾಕಿ ನೋಡಿದರು. ಒಂದೇ ನಿಮಿಷಕ್ಕೆ ಮನುಷ್ಯರು ಕರಗತೊಡಗಿದರು, ತೆಗೆದರು. ಆಗ ಸಂತೆಗೆ ಕಲ್ಲುಪ್ಪು ಒಯ್ಯುತ್ತಿದ್ದ ಒಬ್ಬರು ಗಂಟಲು ಸರಿಮಾಡಿಕೊಂಡರು. "ಕುಲ್ಫಿಯವ್ರು ಏನ್ ಮಾಡ್ತಾರ ಗೊತ್ತೇನು? ಐಸಿಗೆ ಉಪ್ಪು ಹಾಕ್ತಾರ. ಥಂಡಿ ಡಬಲ್ ಆಕ್ಕೈತಿ."

"ಮಾಮಾ, ಬ್ಯಾಡ್ರಿ," ಎಂದೆ. "ಉಪ್ಪು ಹಾಕಿದ್ರ ಥಂಡಿ ಹೆಚ್ಚಾಗೋದು ಖರೆ, ಆದ್ರ ಐಸು ಕರಗೇ ಥಂಡಿ ಆಗೋದು. ಕುಲ್ಫಿ ಉಳೀತದ, ಐಸು ಉಳಿಯಂಗಿಲ್ಲ."

ಮೀಸೆ ಬರದವನ ವಿಜ್ಞಾನಕ್ಕೂ ಮೀಸೆ ನರೆತವರ ಉಪ್ಪಿಗೂ ಪೈಪೋಟಿ ಬಿದ್ದರೆ ಗೆಲ್ಲುವುದು ಯಾವುದೆಂದು ಹೇಳಬೇಕಾಗಿಲ್ಲ. ಮಾಮ ಎರಡು ಬೊಗಸೆ ಕಲ್ಲುಪ್ಪನ್ನು ಭಕ್ತಿಯಿಂದ ಸುರಿದರು. ಕೈಯಿಟ್ಟವರೆಲ್ಲ "ಹೌದ್ರೀ, ಡಬಲ್" ಎಂದು ಕೈ ಝಾಡಿಸಿದರು. ಸೀಟಿನ ಕೆಳಗೆ ತೊಟ್ಟಿಕ್ಕುತ್ತಿದ್ದದ್ದು ಧಾರೆ ಹಿಡಿಯಿತು. ಶರಬತ್ತಿಗೆಂದು ಹೊರಟ ಐಸು ಉಪ್ಪಿನಕಾಯಿಗೆ ಲಾಯಕ್ಕಾಯಿತು.

ಗಾದಿಗನೂರು, ಪಾಪಿನಾಯಕನಹಳ್ಳಿ ಎಲ್ಲ ದಾಟಿ ಹೊಸಪೇಟೆ ಮುಟ್ಟಿದಾಗ ಇಂಜಿನ್ನಿಗೂ ಬಾಯಾರಿತ್ತು. ಫೈರ್‌ಮನ್ ಟೆಂಡರ್ ಮೇಲೆ ಹತ್ತಿ, ನೀರಿನ ಕಂಬದ ತೋಳು ತಿರುಗಿಸಿ, ತೊಗಲ ಕೊಳವೆಯನ್ನು ಟ್ಯಾಂಕಿಗಿಳಿಸಿದ. ದಬದಬ ನೀರು. ಕೆಳಗೆ ಇನ್ನೊಬ್ಬ ಬೂದಿ ಕೆದರಿ ಬೀಳಿಸುತ್ತಿದ್ದ. ಸ್ಟೇಷನ್ನಿನ ಹೊರಗೆ, ನಮ್ಮ ಕಿಟಕಿಗೆ ನೇರವಾಗಿ, ಕಬ್ಬಿನಹಾಲಿನ ಗಾಡಿ. ಗಾಡಿಯವನು ಬೆಳ್ಳನೆಯ ಐಸ್ ಗಡ್ಡೆಯನ್ನು ಗೋಣಿಯಲ್ಲಿಟ್ಟು ಕಟ್ಟಿಗೆಯಿಂದ ಕುಟ್ಟುತ್ತಿದ್ದ. ಪ್ರತಿ ಪೆಟ್ಟೂ ಮಾಮನ ಎದೆಗೆ.

"ಮಾಮಾ, ಇಲ್ಲೇ ಒಂದು ಗಡ್ಡಿ..."

"ಅಳಿಯಾ." ಅಷ್ಟೇ ಅಂದರು. ಆ ದನಿಯಲ್ಲಿ ಆಣೆಯೂ ಇತ್ತು, ಅಳುವೂ ಇತ್ತು.

ಆದರೆ ಸೋಲೊಪ್ಪುವ ಜೀವವಲ್ಲ. ಅರ್ಧ ತೆಂಗಿನಕಾಯಿ ಗಾತ್ರದ ಎರಡು ತುಂಡು ಒಡೆದು ಟವೆಲಿನಲ್ಲಿ ಕಟ್ಟಿಕೊಂಡು ಇಂಜಿನ್ನಿನ ಕಡೆ ಓಡಿದರು. ಬೆಂಕಿಯ ಬಾಯಿಗೆ ಮುಖ ಕೊಟ್ಟು ನಿಲ್ಲುವವರಿಗೆ ಐಸು ಸಿಕ್ಕರೆ ಕೇಳಬೇಕೆ? ಡ್ರೈವರ್ ಒಂದು ತುಂಡನ್ನು ನೆತ್ತಿಯ ಮೇಲಿಟ್ಟು ಅದರ ಮೇಲೆ ಟೋಪಿ ಹಾಕಿಕೊಂಡ. "ಹೇಳ್ರೀ ಯಜಮಾನ್ರ, ಏನಾಗ್ಬೇಕು?" "ಜಲ್ದಿ," ಎಂದರು ಮಾಮ. "ನೋಡ್ರಿ ಹೆಂಗ ಹೊಡೀತೀನಿ," ಎಂದ ಡ್ರೈವರ್.

ಹೊಸಪೇಟೆಯಲ್ಲಿ ಹುಲಿಗಿ ಯಾತ್ರಿಕರು ನುಗ್ಗಿದರು. ಮುನಿರಾಬಾದಿನಲ್ಲಿಳಿದು ಹುಲಿಗೆಮ್ಮನ ಗುಡಿಗೆ ಹೋಗುವವರು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಮೈಗೆಲ್ಲ ಭಂಡಾರ. ಬಿಸಿಲಿಗೆ ಬಾಡಿದ ಕೂಸೊಂದು ಅಳುವುದಕ್ಕೂ ತ್ರಾಣವಿಲ್ಲದೆ ತಾಯಿಯ ಹೆಗಲ ಮೇಲೆ ಬಿದ್ದಿತ್ತು. ಯಾರೂ ಏನೂ ಕೇಳಲಿಲ್ಲ. ಮಾಮ ತಾವಾಗೇ ಗೋಣಿ ಬಿಚ್ಚಿ, ಉಪ್ಪಿಲ್ಲದ ಕಡೆಯಿಂದ ಒಂದು ಚೂರು ಒಡೆದು, ಪಂಚೆಯ ಅಂಚಿನಲ್ಲಿ ಸುತ್ತಿ ಕೂಸಿನ ಹಣೆಗೆ ಹಿಡಿದರು. ಕೂಸು ಕಣ್ಣು ಬಿಟ್ಟು, ಅಂಚನ್ನು ಬಾಯಿಗೆಳೆದುಕೊಂಡು ಚೀಪತೊಡಗಿತು. ಆಮೇಲೆ ಡಬ್ಬಿಯಲ್ಲಿದ್ದ ಎಲ್ಲ ಮಕ್ಕಳಿಗೂ ಕೊಟ್ಟರು. ತೂಕದ ಮಾತು ಬರಲಿಲ್ಲ. ತುಂಗಭದ್ರೆಯ ಸೇತುವೆ ಬಂದಾಗ ಜನ ಕಿಟಕಿಯಿಂದ ಕಾಸೆಸೆದು ಕೈಮುಗಿದರು. ಬೇಸಿಗೆ, ಕೆಳಗೆ ಬರೀ ಬಂಡೆ, ಕಾಸು ಬಿದ್ದಲ್ಲೆಲ್ಲ ಠಣ್ ಠಣ್. ಮಾಮ ಕಾಸೆಸೆಯದೆ ಬರೀ ಕೈಮುಗಿದರು: "ತಾಯಿ ಹುಲಿಗೆಮ್ಮ, ಉಳಿದಿದ್ದನ್ನರ ಉಳಸು."

ಮುನಿರಾಬಾದ್ ಬಿಟ್ಟ ಮೇಲೆ ಡ್ರೈವರ್ ಮಾತು ಉಳಿಸಿಕೊಂಡ. ಅಂಥ ಓಟವನ್ನು ಆ ಹಳಿಯ ಮೇಲೆ ನಾನು ಮತ್ತೆ ಕಂಡಿಲ್ಲ. ಡಬ್ಬಿ ಕುಣಿಯಿತು, ಸೀಟಿನ ಮೇಲಿನವರು ಕುಣಿದರು, ಗಂಟು ಕುಣಿದು ನೆಲಕ್ಕೆ ಬಿದ್ದು ನಡುವೆ ಎರಡಾಯಿತು. ಎರಡಾದರೆ ಗಾಳಿ ತಾಗುವ ಮೈ ಹೆಚ್ಚು, ಕರಗುವುದೂ ಹೆಚ್ಚು. ಇದನ್ನು ನಾನು ಮಾಮನಿಗೆ ಹೇಳಲಿಲ್ಲ. ಸಿಳ್ಳೆ ಹಾಕುತ್ತ ಗಿಣಿಗೇರಿಗೆ ಬಂದು ನಿಂತೆವು.

ನಿಂತೇ ಇದ್ದೆವು.

ಮಾಮ ಮತ್ತೆ ಇಂಜಿನ್ನಿನ ಹತ್ತಿರ ಓಡಿದರು. ಡ್ರೈವರ್ ಟೋಪಿ ತೆಗೆದು ತಲೆ ಒರೆಸಿಕೊಳ್ಳುತ್ತಿದ್ದ. "ಏನ್ಮಾಡ್ಲಿ ಯಜಮಾನ್ರ? ಭಾಳ ಲಗೂ ಬಂದೀವಿ. ಎದುರಿನ ಗಾಡಿ ಇನ್ನಾ ಕೊಪ್ಪಳ ಬಿಟ್ಟಿಲ್ಲಂತ. ಗೋಲಿ ಸಿಕ್ಕಿಲ್ಲ." ಬೆವರು ಸುರಿಸಿ ಗಳಿಸಿದ ನಿಮಿಷಗಳನ್ನೆಲ್ಲ ಗಿಣಿಗೇರಿಯ ಪ್ಲಾಟ್‌ಫಾರ್ಮಿನ ಮೇಲೆ ಬಿಸಿಲಿಗೆ ಹರವಿ ಕೂತೆವು.

ಕೊಪ್ಪಳದಲ್ಲಿ ಗೇಟಿನ ಹತ್ತಿರ ಟಿಕೆಟ್ ಇಸಿದುಕೊಳ್ಳುವವರು ನಿಂತಿದ್ದರು. ಮಾಮನ ಬಲಗೈಯಲ್ಲಿ ರಸೀದಿ, ಎಡಗೈಯಲ್ಲಿ ನೀರು ಸೋರುವ ಗೋಣಿ. ಅವರು ರಸೀದಿ ಓದಿದರು, ಗೋಣಿ ನೋಡಿದರು. "ಇದ್ರಾಗ 40 ಕಿಲೋ ಅಂತ ಐತಲ್ಲ. ಉಳಿದ ಮಾಲು?"

"ಆ ಮಾತು ನಾ ನಿಮ್ಮನ್ನ ಕೇಳಬೇಕು," ಎಂದರು ಮಾಮ. ಅಲ್ಲೇ ಇದ್ದ ಕಾಟಾಕ್ಕೆ ಹಾಕಿಸಿದರು. ಒದ್ದೆ ಗೋಣಿ, ಒದ್ದೆ ಹೊಟ್ಟು ಎಲ್ಲ ಸೇರಿ 9 ಕಿಲೋ. ರಸೀದಿಯ ಬೆನ್ನ ಮೇಲೆ ಅದನ್ನು ಬರೆಸಿ, ಸಹಿ ಹಾಕಿಸಿಕೊಂಡೇ ಹೊರಬಿದ್ದರು. ಅವಸರ, ಅವಸರ ಎಂದು ಬಳ್ಳಾರಿಯಿಂದ ಕುಣಿದವರು ಆ ಸಹಿಗೆ ಎಷ್ಟು ಹೊತ್ತು ಬೇಕಾದರೂ ಕಾಯಲು ತಯಾರಿದ್ದರು.

ಮನೆಗೆ ಬಂದರೆ ಬೀಗರು ಆಗಲೇ ಬಂದು ಪಡಸಾಲೆಯಲ್ಲಿ ಕೂತಿದ್ದಾರೆ. ಮಾಮ ಯಾರ ಮುಖವನ್ನೂ ನೋಡದೆ ಹಿತ್ತಲಿಗೆ ಹೋಗಿ, ಐಸನ್ನು ತೊಳೆದು, ಉಪ್ಪು ಕಳೆದು, ಉಳಿದ ಎರಡು ಹಿಡಿಯಷ್ಟನ್ನು ನಿಂಬೆಹಣ್ಣಿನ ಶರಬತ್ತಿನ ಕೊಳಗದಲ್ಲಿ ಬಿಟ್ಟರು. ಸೌಟು ತರುವಷ್ಟರಲ್ಲಿ ಅದು ಕಾಣಲಿಲ್ಲ. ಆದರೂ ಮೊದಲ ಲೋಟವನ್ನು ತಾವೇ ಕೈಯಾರೆ ಬೀಗರ ಮುಂದೆ ಹಿಡಿದರು. ಬೀಗರು ಲೋಟ ಮುಟ್ಟಿ ಕೈ ಹಿಂದೆ ಸರಿಸಿಕೊಂಡರು.

"ಥಂಡಿ ಐತೇನ್ರಿ? ಬ್ಯಾಡ್ರಿ ಬೀಗರ. ನಿನ್ನಿಯಿಂದ ಗಂಟಲು ಹಿಡದೈತಿ. ಕುಡ್ಯಾಕ ಬಿಸಿನೀರಿದ್ರ ಕೊಡ್ರಿ."

ಅತ್ತೆ ಒಳಗಿನಿಂದ ಸಾದಾ ಗಡಿಗೆಯ ನೀರನ್ನೇ ತಂದುಕೊಟ್ಟರು. ಬೀಗರು ಕುಡಿದು, "ಹದ ಆಗೈತಿ," ಎಂದರು.

ಮದುವೆ ಚೆನ್ನಾಗಿಯೇ ಆಯಿತು. ಹಂದರ ಬಿಚ್ಚಿದ ಮಾರನೆಯ ದಿನ ಮಾಮ ನನ್ನನ್ನು ಕರೆದು ಎದುರಿಗೆ ಕೂಡಿಸಿಕೊಂಡರು. ಬುಕ್ ಮಾಡಿದ್ದು 40 ಕಿಲೋ, ಮುಟ್ಟಿಸಿದ್ದು 9 ಕಿಲೋ; ದಾರಿಯಲ್ಲಿ ಕಳೆದ 31 ಕಿಲೋ ಮಾಲಿನ ಸಾಗಾಣಿಕೆ ಹಣ ವಾಪಸು ಕೊಡಬೇಕೆಂದು ಸಂಬಂಧಪಟ್ಟ ಕಚೇರಿಗೆ ಅರ್ಜಿ. ಹಂಚಿದ್ದನ್ನು ಕಳೆಯಬೇಡವೇ ಎಂದು ಕೇಳಿದೆ. "ಅದು ಸೂಟು," ಎಂದರು. ಮಾರ್ಕೆಟ್ಟಿನಲ್ಲಿ ತೂಕಕ್ಕೆ ಹಿಡಿಯುವ ಕಡಿತ. ಎರಡು ಕಿಲೋ ಕಳೆದು 29ಕ್ಕೆ ನಿಲ್ಲಿಸಿದರು.

ಕಚೇರಿಯಿಂದ ಅಚ್ಚು ಹಾಕಿದ ಒಂದು ಕಾಗದ ಬಂತು, ಖಾಲಿ ಜಾಗ ತುಂಬಿ ಕಳಿಸಿರಿ ಎಂದು. ಮಾಮ ಹೇಳುತ್ತ ಹೋದರು, ನಾನು ಬರೆದೆ. ಮಾಲಿನ ವಿವರ: ಐಸು. ಮಾಲು ಕಳೆದುಹೋದ ಸ್ಥಳ: ಕುಡತಿನಿಯಿಂದ ಗಿಣಿಗೇರಿವರೆಗೆ, ಹಳಿಯುದ್ದಕ್ಕೂ. ಯಾರ ಮೇಲಾದರೂ ಗುಮಾನಿ ಇದೆಯೇ: ಇಂಜಿನ್ನಿನ ಮೇಲೆ. ಮಾಲು ಸದ್ಯ ಎಲ್ಲಿದೆ ಎಂದು ತಿಳಿದಿದ್ದರೆ ಬರೆಯಿರಿ, ಎಂದಿತ್ತು ಕೊನೆಯ ಕಲಂ. ಮಾಮ ಅಂಗಳಕ್ಕೆ ಹೋಗಿ ಆಕಾಶ ನೋಡಿ ಬಂದರು. ದಕ್ಷಿಣಕ್ಕೆ ಒಂದು ತುಂಡು ಮೋಡವಿತ್ತು.

"ಬರಿ ಅಳಿಯಾ," ಎಂದರು. "ಮುಂಗಾರಿನ ಹೊತ್ತಿಗೆ ಖಚಿತ ತಿಳಿಸಲಾಗುವುದು."